ಹೆಸರು ಬರೆಯದ ಗುಂಡುಗಳು

ಜಯನಗರ ಏಳನೇ ಬ್ಲಾಕಿನ ನಮ್ಮ ರಸ್ತೆಯಲ್ಲಿ ವಾರಿಜಾ ಅವರದ್ದು ಎರಡೂ ಥರದ ಮದ್ದು ಕಂಡ ಮನೆ. ಆಕೆ ಆಸ್ಪತ್ರೆಯೊಂದರ ಔಷಧ ವಿಭಾಗಕ್ಕೆ ಕಿರಿಯ ಫಾರ್ಮಸಿಸ್ಟ್ ಆಗಿ ಸೇರಿ, ಆ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾದವರು. ಅವರ ಯಜಮಾನರು ಚಕ್ರಪಾಣಿ, ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು. ಮೂವತ್ತರ ವಯಸ್ಸಿನಲ್ಲಿ ಹತ್ತಿದ ರೈಫಲ್ ಶೂಟಿಂಗಿನ ಹುಚ್ಚು ಎಪ್ಪತ್ತಾದರೂ ಅವರನ್ನು ಬಿಟ್ಟಿರಲಿಲ್ಲ. ಹೆಂಡತಿ ಅಳೆದದ್ದು ಕಾಯಿಲೆಯ ಮದ್ದು, ಗಂಡ ಅಳೆದದ್ದು ಕೋವಿಯ ಮದ್ದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು ಎಂದು ಹೇಳಿ ಚಕ್ರಪಾಣಿ ನಗುತ್ತಿದ್ದರು. ವಾರಿಜಾ ನಗುತ್ತಿರಲಿಲ್ಲ.

ಅವರ ಕ್ಲಬ್ಬು ಇದ್ದದ್ದು ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಹಳೇ ಕಲ್ಲುಕ್ವಾರಿಯಲ್ಲಿ. ಮೂರು ಕಡೆ ಬಂಡೆ, ಒಂದು ಕಡೆ ತಗಡಿನ ಶೆಡ್ಡು. ಒಳ್ಳೆಯ ತೋಟಾ ಸಿಗುವುದೇ ಕಷ್ಟವಾದ್ದರಿಂದ ಕ್ಲಬ್ಬಿನ ಕೆಲವರು ಅದಕ್ಕೆ ಬೇಕಾದ ಪರವಾನಗಿ ಇಟ್ಟುಕೊಂಡು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಬಿಸಾಡದೆ ತೊಳೆದು, ಸರಿಮಾಡಿ, ಮತ್ತೆ ಮದ್ದು ಹಾಕಿ, ಬಾಯಿಗೆ ಹೊಸ ಗುಂಡು ಕೂರಿಸುವ ಕೆಲಸ ಅದು. ಮದ್ದು ಕ್ಲಬ್ಬಿನ ಬೀರುವಿನಲ್ಲಿ ಬೀಗದೊಳಗಿರುತ್ತಿತ್ತು. ಗುಂಡುಗಳು, ಅಂದರೆ ಬರೀ ಸೀಸ ಮತ್ತು ತಾಮ್ರದ ಆ ಚೂಪು ತುಂಡುಗಳು, ಚಕ್ರಪಾಣಿಯವರ ಮನೆಯ ಮಹಡಿಯ ಕೋಣೆಯಲ್ಲಿರುತ್ತಿದ್ದವು. ಹೊಸದಾಗಿ ಬಂದ ಬಾಡಿಗೆಯವರೊಬ್ಬರು ಒಂದು ಭಾನುವಾರ "ಸಾರ್ ಇಲ್ವಾ ಆಂಟಿ?" ಎಂದು ಕೇಳಿದಾಗ ವಾರಿಜಾ ಏನೋ ಕೆಲಸದ ಮಧ್ಯೆ "ಕ್ಲಬ್ಬಿಗೆ ಹೋಗಿದಾರಮ್ಮ, ಗುಂಡು ತುಂಬೋಕೆ" ಎಂದುಬಿಟ್ಟರು. ಆಮೇಲೆ ತಿಂಗಳುಗಟ್ಟಲೆ ಆ ಹುಡುಗಿ ಇವರನ್ನು ಬಹಳ ಕನಿಕರದಿಂದ ನೋಡುತ್ತಿದ್ದಳಂತೆ.

ಗಂಡಹೆಂಡಿರಿಗೆ ಜಗಳವೆಂದು ಇದ್ದದ್ದು ಒಂದೇ ವಿಷಯಕ್ಕೆ. ವಾರಿಜಾ ಚೀಟಿ ಅಂಟಿಸದ ಡಬ್ಬಿಯನ್ನು ಮನೆಯಲ್ಲಿ ಇಡುತ್ತಿರಲಿಲ್ಲ. ಹುಳಿಪುಡಿ, ಸಾರಿನಪುಡಿ, ಮೆಂತ್ಯ, ಎಲ್ಲದರ ಮೇಲೂ ಹೆಸರು, ತಾರೀಕು. ಚಕ್ರಪಾಣಿ ಚೀಟಿ ಬರೆಯುವ ಜಾತಿಯೇ ಅಲ್ಲ. ಗುಂಡುಗಳ ರಟ್ಟಿನ ಪೆಟ್ಟಿಗೆಗಳನ್ನು ಜಿರಳೆ ತಿಂದುಹಾಕಿತೆಂದು ಅವುಗಳನ್ನೆಲ್ಲ ಉಪ್ಪಿನಕಾಯಿ ಬಾಟಲಿಗೆ, ಬಿಸ್ಕತ್ತಿನ ಡಬ್ಬಿಗೆ ಸುರಿದುಕೊಂಡಿದ್ದರು. ಯಾರೋ ಕಾಫಿ ತೋಟದವರು ತೀರಿಕೊಂಡಾಗ ಅವರ ಮನೆಯವರು ಕ್ಲಬ್ಬಿಗೆ ಕೊಟ್ಟ ಗುಂಡುಗಳು, ಸ್ಪರ್ಧೆಗೆ ಹೋದಲ್ಲಿ ಗೆಳೆಯರು ಹಂಚಿಕೊಂಡವು, ಎಲ್ಲ ಅಲ್ಲಿದ್ದವು. ಗುಂಡಿನ ಮೇಲೆ ಯಾವ ಗುರುತೂ ಇರುವುದಿಲ್ಲ. ಪೆಟ್ಟಿಗೆ ಹೋದರೆ ಅದರ ಹೆಸರೂ ಹೋದಂತೆ.

"ಹೆಸರಿಲ್ಲದ ಮಾತ್ರೆ ಮಾತ್ರೇನೇ ಅಲ್ಲ ಅಂತ ನಾವು ಹುಡುಗ್ರಿಗೆ ಹೇಳಿಕೊಡೋದು. ಒಂದು ಚೀಟಿ ಬರೆಯೋಕೆ ನಿಮಗೆ ಏನು ಕಷ್ಟ?" ಎಂದು ವಾರಿಜಾ ಕೇಳುವರು.

"ನನ್ನ ಕೈಗೆ ಗೊತ್ತು ಕಣೇ. ಹಿಡಿದ್ರೆ ಸಾಕು, ಇದು ನೂರೈವತ್ತು, ಇದು ನೂರೆಂಬತ್ತು ಅಂತ ಕೈಯೇ ತೂಕ ಹೇಳುತ್ತೆ."

ಅದು ಸುಳ್ಳೇನೂ ಆಗಿರಲಿಲ್ಲ. ಕ್ಲಬ್ಬಿನಲ್ಲಿ ಪಂತ ಕಟ್ಟಿ ಅವರ ಕಣ್ಣು ಮುಚ್ಚಿಸಿ ಗುಂಡು ಕೊಟ್ಟು ನೋಡಿದವರಿದ್ದರು. ಚಕ್ರಪಾಣಿ ತಪ್ಪುತ್ತಿರಲಿಲ್ಲ.

ಕಳೆದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ, ಬೆಳಗಿನ ತಿಂಡಿ ತಿನ್ನುತ್ತಿದ್ದ ಹಾಗೇ ಚಕ್ರಪಾಣಿಯವರ ಬಲಗೈಯಿಂದ ಚಮಚ ಜಾರಿತು. ಎತ್ತಿಕೊಳ್ಳಲು ಹೋದವರು ಕುರ್ಚಿಯ ಮೇಲೇ ವಾಲಿದರು. ವಾರಿಜಾಗೆ ಏನಾಗಿದೆಯೆಂದು ಒಂದು ನೋಟಕ್ಕೆ ಗೊತ್ತಾಯಿತು. ಆಂಬುಲೆನ್ಸ್ ಬೇಗ ಬಂತು, ಆಸ್ಪತ್ರೆಯವರು ಬೇಗ ನೋಡಿದರು, ಜೀವ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಹೋಯಿತು.

ಮಾತು ಹೋಯಿತೆಂದರೆ ಪೂರ್ತಿ ಹೋಗಲಿಲ್ಲ. ಒಂದು ಪದ ಉಳಿದುಕೊಂಡಿತ್ತು, "ಕಾಫಿ". ನೀರು ಬೇಕಾದರೂ ಕಾಫಿ, ಫ್ಯಾನು ಆರಿಸಬೇಕಾದರೂ ಕಾಫಿ, ಮೈಸೂರಿನಿಂದ ಬಂದ ಮಗಳು ಇಂಚರ ಹತ್ತಿರ ಕೂತು ಕೈ ಹಿಡಿದರೆ ಅವಳ ಮುಖ ನೋಡಿಯೂ ಕಾಫಿ. ಎದುರಿನವರು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಮ್ಮ ಬಾಯಿಂದ ಬಂದದ್ದು ತಪ್ಪು ಪದ ಎನ್ನುವುದೂ ಅರ್ಥವಾಗುತ್ತಿತ್ತು. ಅದೇ ಹೆಚ್ಚು ಕಷ್ಟ ಎಂದು ವಾರಿಜಾ ನನ್ನ ಹತ್ತಿರ ಹೇಳಿದ್ದುಂಟು.

ಇನ್ನು ರೈಫಲ್ ಇಟ್ಟುಕೊಳ್ಳುವ ಮಾತಿರಲಿಲ್ಲ. ಲೈಸೆನ್ಸ್ ಒಪ್ಪಿಸಿಬಿಡುವುದೆಂದು ತೀರ್ಮಾನವಾಯಿತು. ಬಂದೂಕಿನ ಅಂಗಡಿಯವರು ಬಂದು ಪೊಲೀಸ್ ಠಾಣೆಯ ಕಾಗದಪತ್ರ ಮುಗಿಸಿ ರೈಫಲನ್ನೂ ತುಂಬಿದ ತೋಟಾಗಳನ್ನೂ ತೆಗೆದುಕೊಂಡು ಹೋದರು. ಮಹಡಿಯ ಕೋಣೆಯಲ್ಲಿ ಉಳಿದದ್ದು ಬಾಟಲಿಗಳು, ಡಬ್ಬಿಗಳು.

ಅವುಗಳನ್ನು ಕೇಳಿಕೊಂಡು ಬಂದವರು ಕ್ಲಬ್ಬಿನ ಕಾರ್ಯದರ್ಶಿ ನೀಲಕಂಠಪ್ಪ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ಬನಶಂಕರಿಯಲ್ಲಿ ಮನೆ ಕಟ್ಟಿಕೊಂಡವರು, ಚಕ್ರಪಾಣಿಯವರ ಹಳೆಯ ಗೆಳೆಯರು.

"ಇವೆಲ್ಲ ಕ್ಲಬ್ಬಿಗೆ ಹೋಗ್ಲಿ ವಾರಿಜಮ್ಮ. ಈ ಕ್ವಾಲಿಟಿ ಗುಂಡು ಈಗೆಲ್ಲಿ ಸಿಗುತ್ತೆ ಹೇಳಿ. ಮಕ್ಕಳು ಉಪಯೋಗಿಸ್ಕೊಳ್ತಾರೆ."

"ಕೊಡೋಣ. ಆದ್ರೆ ಯಾವುದು ಏನು ಅಂತ ಗೊತ್ತಿಲ್ದೆ ಹೇಗೆ ಕೊಡ್ಲಿ ನೀಲಕಂಠಪ್ಪನವರೇ?"

"ಗೊತ್ತಿರೋರು ಇಲ್ಲೇ ಇದಾರಲ್ಲ" ಎಂದು ನೀಲಕಂಠಪ್ಪ ಇನ್ನೂ ವಿಂಗಡಿಸದೆ ಉಳಿದಿದ್ದ ಒಂದು ಬಾಟಲಿಯನ್ನು ಟೇಬಲ್ಲಿನ ಮೇಲೆ ಹಾಸಿದ ಟವೆಲಿಗೆ ಸುರಿದರು. ಪಕ್ಕದಲ್ಲಿ ಮೂರು ಬಟ್ಟಲು ಇಟ್ಟು, ಒಂದೊಂದು ಬಟ್ಟಲಿಗೂ ಒಂದೊಂದು ತೂಕದ ಹೆಸರು ಹೇಳಿದರು. ಚಕ್ರಪಾಣಿ ಗಾಲಿಕುರ್ಚಿಯಿಂದ ಮುಂದೆ ಬಾಗಿ, ಎಡಗೈಯಿಂದ ಒಂದೊಂದನ್ನೇ ಎತ್ತಿ, ಹೆಬ್ಬೆರಳಲ್ಲಿ ಹೊರಳಿಸಿ, ಬಟ್ಟಲುಗಳಿಗೆ ಹಾಕತೊಡಗಿದರು. ಮುಖದಲ್ಲಿ ಹಳೆಯ ಗತ್ತು ಬಂದಿತ್ತು. ನೀಲಕಂಠಪ್ಪನವರ ಕಣ್ಣು ತುಂಬಿತು.

"ನೋಡಿ, ಬಾಯಿ ಮರೆತರೂ ಕೈ ಮರೆತಿಲ್ಲ!"

ವಾರಿಜಾಗೂ ಸಂತೋಷವಾಯಿತು. ಆದರೆ ಅವರ ಇಡೀ ವೃತ್ತಿಜೀವನ ಬೇರೆಯವರು ಎಣಿಸಿಕೊಟ್ಟದ್ದನ್ನು ಇನ್ನೊಮ್ಮೆ ಎಣಿಸುವುದರಲ್ಲೇ ಕಳೆದಿತ್ತು. ಸಂತೋಷವಾಯಿತೆಂದು ಆ ಅಭ್ಯಾಸ ಬಿಟ್ಟುಹೋಗಲಿಲ್ಲ. ಗೆಳೆಯ ಹೋದ ಮೇಲೆ, ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಅವರು ಮಹಡಿಯಿಂದ ಅಂಕಿ ತೋರಿಸುವ ಪುಟ್ಟ ತಕ್ಕಡಿ ಮತ್ತು ದಪ್ಪ ಅಳೆಯುವ ಮೈಕ್ರೋಮೀಟರನ್ನು ಇಳಿಸಿ ತಂದರು.

ತಕ್ಕಡಿ ಅವರಿಗೆ ಹೊಸದಾಗಿರಲಿಲ್ಲ. ಅದರ ಅಳತೆಯೂ ಹೊಸದಲ್ಲ. ಗುಂಡನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರಾಮಿಗೆ ಸುಮಾರು ಹದಿನೈದು ಗ್ರೇನ್. ವಾರಿಜಾ ಫಾರ್ಮಸಿ ಓದುವಾಗ ಹಳೆಯ ಪಠ್ಯಪುಸ್ತಕಗಳಲ್ಲಿ ಔಷಧಿಯ ಪ್ರಮಾಣವೂ ಗ್ರೇನಿನಲ್ಲೇ ಇರುತ್ತಿತ್ತು. ಎರಡೂ ಒಂದೇ ಗ್ರೇನ್. ಮದುವೆಯಾಗಿ ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಅಳತೆಯಲ್ಲಿ ತೂಗಿದ್ದು, ಅದರ ಬಗ್ಗೆ ಒಮ್ಮೆಯೂ ಮಾತಾಡದೇ ಇದ್ದದ್ದು ಅವತ್ತು ಅವರಿಗೆ ಹೊಳೆಯಿತಂತೆ.

ಮಿಕ್ಕದ್ದನ್ನು ಅವರು ಫೋನಿನಲ್ಲಿ ನೀಲಕಂಠಪ್ಪನವರನ್ನು ಕೇಳಿ ಕಲಿತರು. ಮೊದಲು ದಪ್ಪ ನೋಡಬೇಕು, ಅದೂ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಗುಂಡು ಎರಡು ಬೇರೆ ಬೇರೆ ಕೋವಿಯ ನಳಿಗೆಗೆ ಸೇರಿದ್ದಿರಬಹುದು. ಆಮೇಲೆ ತೂಕ, ಆಮೇಲೆ ಉದ್ದ. ಹಿಂಭಾಗ ಚಪ್ಪಟೆಯೋ, ದೋಣಿಯ ಹಾಗೆ ಒಳಕ್ಕೆ ಓರೆಯಾಗಿದೆಯೋ ನೋಡಬೇಕು. ನಡುವೆ ಸುತ್ತಲೂ ಗೀರು ಇದೆಯೇ, ಒಳಗೆ ಉಕ್ಕು ಇದ್ದು ಅಯಸ್ಕಾಂತಕ್ಕೆ ಅಂಟುತ್ತದೆಯೇ ನೋಡಬೇಕು. ಎಲ್ಲ ಉತ್ತರಗಳೂ ಒಂದು ಕಡೆಗೇ ಬೊಟ್ಟು ಮಾಡಿದರೆ ಮಾತ್ರ ಅದಕ್ಕೆ ಒಂದು ಹೆಸರು.

ಚಕ್ರಪಾಣಿ ವಿಂಗಡಿಸಿದ್ದ ಬಟ್ಟಲುಗಳನ್ನು ತೂಗಿ ನೋಡಿದರೆ ಅರ್ಧಕ್ಕರ್ಧ ತಪ್ಪಾಗಿತ್ತು.

ವಾರಿಜಾ ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ತೂಗಿದರು. ಅದೇ ಫಲ. ಅದರಲ್ಲಿ ಆಶ್ಚರ್ಯ ಏನಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಕಲಿತದ್ದು ಬಲಗೈ, ಈಗ ಎತ್ತಿದ್ದು ಎಡಗೈ. ಹಾಗೆ ಸಮಾಧಾನ ಮಾಡಿಕೊಂಡು, ದಿನಾ ಮಧ್ಯಾಹ್ನ ಒಂದೊಂದು ಡಬ್ಬಿಯಂತೆ ತಾವೇ ಅಳೆಯುತ್ತಾ ಹೋದರು. ಹೆಚ್ಚಿನವು ಸರಿಯಾಗಿಯೇ ಇದ್ದವು. ಒಂದು ಬಾಟಲಿಯಲ್ಲಿ ಒಂದೇ ತೂಕ, ಒಂದೇ ದಪ್ಪ. ಹಳೆಯ ಚಕ್ರಪಾಣಿ ನಿಜವಾಗಿಯೂ ತಪ್ಪು ಮಾಡುತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಒಂದು ನೀಲಿ ಬಿಸ್ಕತ್ತಿನ ಡಬ್ಬಿ. ಮುಚ್ಚಳದ ಸುತ್ತ ಟೇಪು ಸುತ್ತಿತ್ತು. ಅದನ್ನು ಸುತ್ತಿದ ದಿನ ವಾರಿಜಾಗೆ ಚೆನ್ನಾಗಿ ನೆನಪಿತ್ತು. ದಸರಾ ಗೊಂಬೆ ಕೂರಿಸುವ ಗಲಾಟೆಯಲ್ಲಿ ಟೇಪು ಹುಡುಕಿದರೆ ಅದು ಮಹಡಿ ಹತ್ತಿತ್ತು, ಇವರು ರೇಗಿದ್ದರು. ಅಂದರೆ ಪಾರ್ಶ್ವವಾಯು ಹೊಡೆಯುವುದಕ್ಕೆ ಎಷ್ಟೋ ತಿಂಗಳು ಮೊದಲು, ಬಲಗೈ ಚೆನ್ನಾಗಿದ್ದಾಗಲೇ ತುಂಬಿದ ಡಬ್ಬಿ.

ಟೇಪು ಕಿತ್ತು ತೂಗಿದರು. ನೂರೈವತ್ತು ಗ್ರೇನಿನ ಗುಂಡುಗಳ ನಡುವೆ ನೂರ ಅರವತ್ತೈದರವು, ಅಲ್ಲೊಂದು ಇಲ್ಲೊಂದು ನೂರೆಂಬತ್ತರವು ಬೆರೆತಿದ್ದವು.

ಆಗ ಅವರಿಗೆ ಒಂದೊಂದೇ ನೆನಪಾಗತೊಡಗಿದವು. ಚಳಿಗಾಲದಲ್ಲಿ ಚಕ್ರಪಾಣಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಹೊರಟಿದ್ದು. ಗಿರಿನಗರದ ತಂಗಿಯ ಮನೆಗೆ ಹೋಗುವಾಗ, ಎಷ್ಟೋ ಸಲ ಹೋದ ದಾರಿಯಲ್ಲೇ ಕಾರು ನಿಲ್ಲಿಸಿ, "ಎಡಕ್ಕಾ ಬಲಕ್ಕಾ ವಾರಿಜ?" ಎಂದು ಕೇಳಿದ್ದು. ಕೊನೆಯ ಸ್ಪರ್ಧೆಯಲ್ಲಿ ಅಂಕ ಇಳಿದಾಗ ಕನ್ನಡಕ ಸರಿಯಿಲ್ಲ ಎಂದು ಹೊಸದು ಮಾಡಿಸಿದ್ದು. ವಯಸ್ಸಾಯಿತು ಎಂದು ಆಗ ಇಬ್ಬರೂ ನಕ್ಕಿದ್ದರು.

ಅಷ್ಟು ಹೊತ್ತಿಗೆ ಇನ್ನೊಂದು ನೆನಪಾಗಿ ಅವರು ಎದ್ದು ನಿಂತರು. ಸಂಕ್ರಾಂತಿಯ ಹೊತ್ತಿಗೆ ಚಕ್ರಪಾಣಿ ತಮ್ಮ ಶಿಷ್ಯೆ ಶ್ವೇತಗೆ ಒಂದು ಪೆಟ್ಟಿಗೆ ಗುಂಡು ಕೊಟ್ಟಿದ್ದರು. ದಸರೆಯಲ್ಲಿ ಟೇಪು ಸುತ್ತಿದ ದಿನ ಮಹಡಿಯಲ್ಲಿ ಇದೇ ರಾಶಿಯಿಂದ ತುಂಬುತ್ತಿದ್ದುದನ್ನು ವಾರಿಜಾ ಕಂಡಿದ್ದ ಪೆಟ್ಟಿಗೆ ಅದು.

ಶ್ವೇತ ಸುದ್ದಗುಂಟೆಪಾಳ್ಯದವಳು. ಅವಳ ತಾತನ ಕಾಲಕ್ಕೆ ಅಲ್ಲಿ ಹೊಲವಿತ್ತು, ಈಗ ಅಪ್ಪ ಮನೆಗಳನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದಾರೆ. ಅವಳು ಶಾಲೆಯೊಂದರಲ್ಲಿ ಕ್ರೀಡಾ ಶಿಕ್ಷಕಿ. ಚಕ್ರಪಾಣಿಯವರ ಕೈಕೆಳಗೆ ರೈಫಲ್ ಕಲಿತವಳು, ಅವರನ್ನು ಬಿಟ್ಟರೆ ಇನ್ನೊಬ್ಬರ ಮಾತು ಕೇಳದವಳು. ಮುಂದಿನ ವಾರ ಅವಳಿಗೆ ಸ್ಪರ್ಧೆಯಿತ್ತು.

ವಾರಿಜಾ ಫೋನ್ ಮಾಡಿದರು. "ಶ್ವೇತ, ನಿಮ್ಮ ಅಂಕಲ್ ಕೊಟ್ಟಿದ್ದ ಗುಂಡು ಏನು ಮಾಡ್ದೆ?"

"ಎಲ್ಲ ಲೋಡ್ ಮಾಡಿಟ್ಟಿದೀನಿ ಆಂಟಿ. ಮ್ಯಾಚಿಗೇ ಅಂತ ಎತ್ತಿಟ್ಟಿದ್ದೆ. ಯಾಕೆ?"

"ಒಂದೂ ಹಾರಿಸ್ಬೇಡ. ನಾನು ನಾಳೆ ಬೆಳಿಗ್ಗೆ ರೇಂಜಿಗೆ ಬರ್ತೀನಿ."

ಮಾರನೆಯ ದಿನ ಗಂಡನ ಬಳಿ ಇಂಚರಳನ್ನು ಕೂರಿಸಿ, ಜಯನಗರದಲ್ಲಿ ಮೆಟ್ರೋ ಹತ್ತಿ, ತಲಘಟ್ಟಪುರದಲ್ಲಿ ಇಳಿದು, ಆಟೋ ಮಾಡಿಕೊಂಡು ವಾರಿಜಾ ಕಲ್ಲುಕ್ವಾರಿಗೆ ಹೋದರು. ಇಷ್ಟು ವರ್ಷಗಳಲ್ಲಿ ಅವರು ಅಲ್ಲಿಗೆ ಹೋದದ್ದು ಅದೇ ಮೊದಲು. ನೀಲಕಂಠಪ್ಪ ಶೆಡ್ಡಿನಲ್ಲಿದ್ದರು. ಶ್ವೇತ ತೋಟಾಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು.

ವಿಷಯ ಕೇಳಿದ ಮೇಲೆ ಅವಳು ಮುಖ ಗಂಟಿಕ್ಕಿದಳು. "ಅಂಕಲ್ ಮಿಕ್ಸ್ ಮಾಡೋಕೆ ಚಾನ್ಸೇ ಇಲ್ಲ ಆಂಟಿ. ನೀವು ತೂಗಿದ್ದೇ ಸರಿ ಇಲ್ಲ ಅನ್ಸುತ್ತೆ. ತಪ್ಪು ತಿಳ್ಕೋಬೇಡಿ."

"ತಪ್ಪಾಗಿದ್ರೆ ನನಗೇ ಸಂತೋಷಮ್ಮ. ಇಲ್ಲೇ ಇನ್ನೊಂದ್ಸಲ ನೋಡ್ಬಿಡೋಣ."

"ಹಾಗಾದ್ರೆ ತೋಟಾನೇ ಇಟ್ಟು ತೂಗೋಣ."

ಅದಕ್ಕೆ ನೀಲಕಂಠಪ್ಪ ಆಗದೆಂದು ತಲೆಯಾಡಿಸಿದರು. "ಹಿತ್ತಾಳೆ ಕೊಳವೆ ತೂಕವೇ ಒಂದರ ಥರ ಇನ್ನೊಂದು ಇರಲ್ಲ. ಹಾಗೆ ಗೊತ್ತಾಗಲ್ಲ ಶ್ವೇತ. ಕಿತ್ತೇ ನೋಡ್ಬೇಕು."

ವಾರಗಟ್ಟಲೆ ಕೂತು ಮಾಡಿದ ಕೆಲಸವನ್ನು ಕೀಳುವುದು ಯಾರಿಗೂ ಇಷ್ಟವಿರುವುದಿಲ್ಲ. ಶ್ವೇತ ಎದ್ದು, ಗುಂಡು ಕೀಳುವ ಉಪಕರಣ ತಂದು, ಒಂದೊಂದನ್ನೇ ಬಿಚ್ಚಿದಳು. ನೀಲಕಂಠಪ್ಪ ಮದ್ದನ್ನು ಬೇರೆ ಮಾಡಿದರು. ವಾರಿಜಾ ತೂಗಿದರು. ಮೊದಲ ಕೆಲವು ಸರಿಯಾಗಿದ್ದವು. ಶ್ವೇತ ಪ್ರತಿ ಸಲವೂ ಅವರ ಮುಖ ನೋಡುತ್ತಿದ್ದಳು. ಆಮೇಲೆ ಒಂದು ನೂರ ಅರವತ್ತೈದು ಬಂತು. ಇನ್ನಷ್ಟು ಬಿಚ್ಚಿದ ಮೇಲೆ ನೂರೆಂಬತ್ತು ಬಂತು.

ಶ್ವೇತ ಆ ಗುಂಡನ್ನು ತಕ್ಕಡಿಯಿಂದ ಎತ್ತಿ, ನೂರೈವತ್ತರ ಪಕ್ಕ ನಿಲ್ಲಿಸಿದಳು. ಜೋಡಿ ನಿಲ್ಲಿಸಿದಾಗ ಮಾತ್ರ ಕಾಣುವಷ್ಟು ಉದ್ದ ಹೆಚ್ಚು.

"ಹಗುರ ಗುಂಡಿಗೆ ಅಂತ ಅಳೆದ ಮದ್ದು..." ಎಂದು ಅವಳು ಅರ್ಧಕ್ಕೆ ನಿಲ್ಲಿಸಿದಳು.

"ಮುಂದೆ ಭಾರದ್ದು ಕೂತ್ರೆ ಒಳಗೆ ಒತ್ತಡ ಏರುತ್ತೆ" ಎಂದರು ನೀಲಕಂಠಪ್ಪ. "ಏನೂ ಆಗ್ದೇನೂ ಇರಬಹುದಿತ್ತು. ಆದ್ರೆ ಅದು ನಿನ್ನ ಕೆನ್ನೆ ಪಕ್ಕ ಇರೋ ಯಂತ್ರ. ಆಗುತ್ತೋ ಇಲ್ವೋ ಅಂತ ನೋಡೋ ಜಾಗ ಅಲ್ಲ."

ಶ್ವೇತಳ ಕಣ್ಣಲ್ಲಿ ನೀರಿತ್ತು. ತಾನು ಬದುಕಿಕೊಂಡೆ ಎಂದಲ್ಲ. "ಅಂಕಲ್‌ಗೆ ಆಗ್ಲೇ ಹುಷಾರಿರಲಿಲ್ವಾ ಆಂಟಿ? ನಾನು ವಾರ ವಾರ ನೋಡ್ತಿದ್ನಲ್ಲ. ನನಗೆ ಗೊತ್ತೇ ಆಗ್ಲಿಲ್ಲ."

"ನಾನು ದಿನಾ ನೋಡ್ತಿದ್ದೆ ಕಣಮ್ಮ" ಎಂದರು ವಾರಿಜಾ.

ಮುಂದಿನ ಸಲ ನರರೋಗದ ವೈದ್ಯರ ಬಳಿ ಹೋದಾಗ ವಾರಿಜಾ ಸ್ಕ್ಯಾನಿನ ಚಿತ್ರವನ್ನು ಮುಂದಿಟ್ಟು ನೇರವಾಗಿ ಕೇಳಿದರು. ವೈದ್ಯರು ತೋರಿಸಿದರು. ದೊಡ್ಡ ಕಲೆಯ ಪಕ್ಕ ಸಣ್ಣ ಸಣ್ಣ ಹಳೆಯ ಕಲೆಗಳಿದ್ದವು. ಪಾರ್ಶ್ವವಾಯುವಿನ ಸಣ್ಣ ಹೊಡೆತಗಳು, ಯಾರಿಗೂ ತಿಳಿಯದ ಹಾಗೆ ಬಂದು ಹೋದವು, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ ಎಂದರು. ವಾರಿಜಾ ತಲೆಯಾಡಿಸಿದರು. ದೂರುವುದು ಬಿಡುವುದು ಅವರಿಗೆ ದೊಡ್ಡದಾಗಿರಲಿಲ್ಲ. ಗಂಡನಿಗೆ ಹೇಳುವುದೋ ಬೇಡವೋ ಎನ್ನುವುದೇ ಅವರನ್ನು ಕೊರೆಯುತ್ತಿದ್ದದ್ದು.

"ಖಂಡಿತ ಬೇಡ" ಎಂದರು ನೀಲಕಂಠಪ್ಪ. "ಅವನಿಗೆ ಉಳಿದಿರೋದು ಅದೊಂದೇ ಹೆಮ್ಮೆ. ಅದನ್ನೂ ಯಾಕೆ ಕಿತ್ಕೋತೀರ? ಡಬ್ಬಿ ನಾವೇ ಸರಿಮಾಡಿಬಿಡೋಣ, ಮುಗೀತು."

ಇಂಚರಳೂ ಅದನ್ನೇ ಹೇಳಿದಳು. ಮೇಲ್ನೋಟಕ್ಕೆ ಅದೇ ಸರಿ ಎಂದು ನನಗೂ ಅನ್ನಿಸಿತ್ತು. ವಾರಿಜಾ ಕೆಲವು ದಿನ ಯೋಚಿಸಿದರು. ಅವರು ನನಗೆ ಹೇಳಿದ್ದು ಇಷ್ಟು: ಆಸ್ಪತ್ರೆಯಲ್ಲಿ ತಪ್ಪು ಔಷಧಿ ಹೋಗಿದೆ ಎಂದು ಗೊತ್ತಾದರೆ, ಯಾರಿಗೂ ಏನೂ ಆಗದಿದ್ದರೂ, ಕೊಟ್ಟವರಿಗೆ ಅದನ್ನು ಹೇಳುತ್ತಿದ್ದರು. ಬೈಯಲು ಅಲ್ಲ. ಹೇಳದೆ ಹೋದರೆ ಆ ಮನುಷ್ಯನನ್ನು ಇನ್ನು ಮೇಲೆ ಕೆಲಸದವನೆಂದು ಲೆಕ್ಕಕ್ಕೆ ಇಟ್ಟಿಲ್ಲ ಎಂದು ಅರ್ಥ. "ಇವರಿಗೆ ಎಲ್ಲ ಅರ್ಥ ಆಗುತ್ತೆ ಅಂತ ಬಂದೋರಿಗೆಲ್ಲ ನಾನೇ ಹೇಳ್ತೀನಿ. ಆಮೇಲೆ ಮಗು ಥರ ಮುಚ್ಚಿಟ್ರೆ ಹೇಗೆ?"

ಒಂದು ಬೆಳಿಗ್ಗೆ, ಸ್ನಾನ ತಿಂಡಿ ಆದ ಮೇಲೆ, ಅವರು ನೀಲಿ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಗಂಡನ ಎದುರು ಕೂತರು.

"ರೀ, ಒಂದು ವಿಷಯ ಹೇಳ್ಬೇಕು. ಇದು ನೀವು ದಸರೆಯಲ್ಲಿ ತುಂಬಿಟ್ಟ ಡಬ್ಬಿ. ಇದರಲ್ಲಿ ಮೂರು ತೂಕದ ಗುಂಡು ಬೆರೆತಿದೆ. ಶ್ವೇತಗೆ ಕೊಟ್ಟಿದ್ರಲ್ಲೂ ಬೆರೆತಿತ್ತು. ಅವಳಿಗೇನೂ ಆಗಿಲ್ಲ, ಹಾರಿಸೋಕೆ ಮುಂಚೆ ತೆಗೆಸ್ದೆ. ಡಾಕ್ಟ್ರು ಹೇಳಿದ್ರು, ಆಗ್ಲೇ ನಿಮಗೆ ಸಣ್ಣದಾಗಿ ಶುರುವಾಗಿತ್ತಂತೆ. ನಾವಿಬ್ರೂ ಗಮನಿಸ್ಲಿಲ್ಲ."

ಚಕ್ರಪಾಣಿ ಡಬ್ಬಿಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. "ಕಾಫಿ" ಎಂದರು. ಇಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ವಾರಿಜಾ ಎರಡು ಗುಂಡು ತೆಗೆದು ಒಂದಾದ ಮೇಲೊಂದರಂತೆ ತಕ್ಕಡಿಯ ಮೇಲಿಟ್ಟರು. ಅಂಕಿ ಬೇರೆ ಬೇರೆ ಬಂತು. ಚಕ್ರಪಾಣಿ ಎಡಗೈಯಿಂದ ತಕ್ಕಡಿಯನ್ನು ತಳ್ಳಿದರು. ಅದು ಟೇಬಲ್ಲಿನ ಅಂಚಿಗೆ ಹೋಗಿ ನಿಂತಿತು. ಆಮೇಲೆ ಡಬ್ಬಿಯನ್ನೇ ತಳ್ಳಿದರು. ಗುಂಡುಗಳು ನಡುಮನೆಯ ತುಂಬ ಉರುಳಿದವು.

ಆ ದಿನವಿಡೀ ಅವರು ಹೆಂಡತಿಯತ್ತ ನೋಡಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ವಾರಿಜಾ ಸೋಫಾದ ಕೆಳಗೆ ಬಗ್ಗಿ ಗುಂಡು ಹೆಕ್ಕುತ್ತಾ ತಾವು ಮಾಡಿದ್ದು ದೊಡ್ಡ ತಪ್ಪೇನೋ ಎಂದುಕೊಂಡರು. ಎರಡನೆಯ ದಿನವೂ ಹಾಗೇ ಕಳೆಯಿತು.

ಮೂರನೆಯ ದಿನ ವಾರಿಜಾ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಾಗ ನಡುಮನೆಯಿಂದ ಏನೋ ಶಬ್ದ ಕೇಳಿಸಿತು. ಹೋಗಿ ನೋಡಿದರೆ ಚಕ್ರಪಾಣಿ ಗಾಲಿಕುರ್ಚಿಯನ್ನು ಟೇಬಲ್ಲಿನವರೆಗೆ ಹೇಗೋ ನೂಕಿಕೊಂಡು ಹೋಗಿ, ನೀಲಿ ಡಬ್ಬಿಯ ಮುಚ್ಚಳ ತೆಗೆದು ಕೂತಿದ್ದರು. ಮುಂದೆ ತಕ್ಕಡಿ ಇತ್ತು. ಒಂದು ಗುಂಡು ಅದರ ಮೇಲಿತ್ತು. ಹೆಂಡತಿಯನ್ನು ಕಂಡು ಅವರು ಅಂಕಿಯತ್ತ ಬೆರಳು ತೋರಿಸಿದರು. ತುಟಿ ಬಹಳ ಹೊತ್ತು ಒದ್ದಾಡಿತು.

"ಬ... ಬರಿ."

ಕಾಫಿಯ ಹೊರತಾಗಿ ಅವರ ಬಾಯಿಂದ ಬಂದ ಮೊದಲ ಮಾತು ಅದು. ವಾರಿಜಾಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಓಡಿಹೋಗಿ ಪೆನ್ನು, ಚೀಟಿ ತಂದರು. ಬೀನ್ಸ್ ಅಲ್ಲೇ ಉಳಿಯಿತು.

ಅವತ್ತಿನಿಂದ ಅದು ಅವರಿಬ್ಬರ ಬೆಳಗಿನ ಕೆಲಸವಾಯಿತು. ಚಕ್ರಪಾಣಿ ಗುಂಡನ್ನು ತಕ್ಕಡಿಯ ಮೇಲಿಡುವುದು, ಅಂಕಿ ನೋಡಿ ಹೇಳುವುದು, ವಾರಿಜಾ ಬರೆಯುವುದು. ಅಂಕಿ ಬಾಯಿಗೆ ಬೇಗ ಬರುತ್ತಿರಲಿಲ್ಲ. ನೂರೈವತ್ತು ಎನ್ನಲು ಹೋಗಿ ಐನೂರು ಎನ್ನುವರು, ತಪ್ಪೆಂದು ಗೊತ್ತಾಗಿ ಕಣ್ಣು ಮುಚ್ಚಿ ಮತ್ತೆ ಪ್ರಯತ್ನಿಸುವರು. ವಾರಿಜಾ ಹೇಳಿಕೊಡುತ್ತಿರಲಿಲ್ಲ, ಕಾಯುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ತಮ್ಮ ಚಿತ್ರದ ಕಾರ್ಡುಗಳನ್ನು ಚೀಲದಿಂದ ತೆಗೆಯುವುದನ್ನೇ ಬಿಟ್ಟು ಈ ಟೇಬಲ್ಲಿಗೆ ಬಂದು ಕೂರತೊಡಗಿದರು. ಹೀಗೆ ಅಂತೂ ಇಂತೂ ಡಬ್ಬಿಗಳ ಮೇಲೆಲ್ಲ ಹೆಸರು ಬಿತ್ತು.

ಕೊನೆಗೆ ಒಂದು ಸಣ್ಣ ರಾಶಿ ಉಳಿಯಿತು. ಅವುಗಳಲ್ಲಿ ಕೆಲವು ದಪ್ಪದಲ್ಲಿ ಯಾವ ನಳಿಗೆಗೂ ಸರಿಹೊಂದದೆ ಇಂಚಿನ ಸಾವಿರದ ಒಂದೆರಡು ಭಾಗ ಅತ್ತಿತ್ತ ಇದ್ದವು. ಕೆಲವು ಅಯಸ್ಕಾಂತಕ್ಕೆ ಅಂಟುತ್ತಿದ್ದವು. ಕೆಲವುಗಳ ತೂಕ ಒಂದು ಕಡೆ ಬೊಟ್ಟು ಮಾಡಿದರೆ ಉದ್ದ ಇನ್ನೊಂದು ಕಡೆ ಬೊಟ್ಟು ಮಾಡುತ್ತಿತ್ತು. ಚಕ್ರಪಾಣಿ ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದನ್ನು ಎತ್ತಿ ನೂರೆಂಬತ್ತರ ಡಬ್ಬಿಯತ್ತ ಕೈ ಚಾಚಿದರು. ಹಳೆಯ ಅಭ್ಯಾಸ.

"ಖಂಡಿತಾನಾ?" ಎಂದರು ವಾರಿಜಾ.

ಕೈ ಗಾಳಿಯಲ್ಲೇ ನಿಂತಿತು. ಅವರು ಗುಂಡನ್ನು ಮತ್ತೆ ನೋಡಿದರು. ನಿಧಾನವಾಗಿ ರಾಶಿಗೇ ವಾಪಸ್ ಹಾಕಿ, "ಗೊತ್ತಿ... ಲ್ಲ" ಎಂದರು. ವಾರಿಜಾ ಚೀಟಿಯ ಮೇಲೆ ಅದನ್ನೇ ಬರೆದು ಅಂಟಿಸಿದರು. ಆ ರಾಶಿಯನ್ನು ನೀಲಕಂಠಪ್ಪ ತೆಗೆದುಕೊಂಡು ಹೋಗಿ, ನಿಯಮದ ಪ್ರಕಾರ ಎಲ್ಲಿಗೆ ಒಪ್ಪಿಸಬೇಕೋ ಅಲ್ಲಿಗೆ ಒಪ್ಪಿಸಿದರು. "ಇಷ್ಟು ಒಳ್ಳೇ ಮಾಲು ವೇಸ್ಟು" ಎಂದು ದಾರಿಯುದ್ದಕ್ಕೂ ಗೊಣಗಿದರಂತೆ.

ಶ್ವೇತ ಆ ಸ್ಪರ್ಧೆಗೆ ಕ್ಲಬ್ಬಿನಿಂದ ಪಡೆದ ಬೇರೆ ತೋಟಾ ಹಿಡಿದುಕೊಂಡು ಹೋದಳು. ಅಭ್ಯಾಸವಿಲ್ಲದ ತೋಟಾ, ಮನಸ್ಸೂ ನೆಟ್ಟಗಿರಲಿಲ್ಲ. ಪದಕ ಬರಲಿಲ್ಲ, ಪಟ್ಟಿಯ ನಡುವೆ ಎಲ್ಲೋ ಉಳಿದಳು. ಒಂದಷ್ಟು ದಿನ ಅವಳು ಈ ಮನೆಗೆ ಬರಲಿಲ್ಲ. ಆಮೇಲೆ ಒಂದು ಶನಿವಾರ ಬಂದಳು. ಚಕ್ರಪಾಣಿಯವರ ಮುಂದೆ ನೆಲದ ಮೇಲೆ ಕೂತು, "ಅಂಕಲ್, ನನ್ನ ಟ್ರಿಗರ್ ಜರ್ಕ್ ಆಗ್ತಿದೆ, ಏನು ಮಾಡ್ಲಿ?" ಎಂದು ಕೇಳಿದಳು. ಅವರು ಎಡಗೈಯ ತೋರುಬೆರಳನ್ನು ಅವಳ ಬೆರಳಿನ ಮೇಲಿಟ್ಟು ಮೆಲ್ಲಗೆ, ಬಹಳ ಮೆಲ್ಲಗೆ, ಹಿಂದಕ್ಕೆ ಒತ್ತಿ ತೋರಿಸಿದರು. ಅದಕ್ಕೆ ಮಾತೇನೂ ಬೇಕಾಗಲಿಲ್ಲ.

ಈ ವರ್ಷದ ಶುರುವಿನಿಂದ ಚಕ್ರಪಾಣಿ ಊರುಗೋಲು ಹಿಡಿದು ನಡೆಯುತ್ತಿದ್ದಾರೆ. ಪುಟ್ಟ ಪುಟ್ಟ ವಾಕ್ಯ ಹೇಳುತ್ತಾರೆ, ನಡುವೆ ಪದ ತಪ್ಪುತ್ತದೆ. ಭಾನುವಾರ ಇಬ್ಬರೂ ಮೆಟ್ರೋದಲ್ಲಿ ಕಲ್ಲುಕ್ವಾರಿಗೆ ಹೋಗುತ್ತಾರೆ. ಅಲ್ಲಿ ಶೆಡ್ಡಿನ ಮೂಲೆಯಲ್ಲಿ ವಾರಿಜಾಗೆ ಒಂದು ಮೇಜು ಇದೆ. ಸದಸ್ಯರು ಹಳೆಯ ಬಾಟಲಿ, ಹರಿದ ಪೊಟ್ಟಣಗಳನ್ನು ತಂದು ಕೊಡುತ್ತಾರೆ. ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂದು ಆಕೆ ಮೊದಲು ವಿಚಾರಿಸುತ್ತಾರೆ, ಆಮೇಲೆ ಅಳೆಯುತ್ತಾರೆ. ಚಕ್ರಪಾಣಿ ಪಕ್ಕದಲ್ಲಿ ಕೂತು ತಕ್ಕಡಿಯ ಅಂಕಿಯನ್ನು ಓದಿ ಹೇಳುತ್ತಾರೆ. ಗುಂಡಿನ ಸದ್ದು ಕೇಳಿದಾಗ ಮಾತ್ರ ಅವರ ತಲೆ ಗುರಿಹಲಗೆಗಳ ಕಡೆ ತಿರುಗುತ್ತದೆ. ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ವಾರಿಜಾ ಆಗ ಗುಂಡು ಇಡುವುದನ್ನು ನಿಲ್ಲಿಸಿ ಕಾಯುತ್ತಾರೆ.

ಮೊನ್ನೆ ನಾನೂ ಅವರ ಜೊತೆ ಹೋಗಿದ್ದೆ. ವಾಪಸ್ ಬರುವಾಗ ಮೆಟ್ರೋದಲ್ಲಿ ವಾರಿಜಾ ಅವರನ್ನು ಕೇಳಿದೆ, ಡಬ್ಬಿಯ ವಿಷಯ ಹೇಳಿದ ಆ ಮೂರು ದಿನದ ಬಗ್ಗೆ ಈಗ ಏನನ್ನಿಸುತ್ತದೆ ಎಂದು. ಅವರು ಉತ್ತರ ಹೇಳುವ ಮೊದಲೇ ಎದುರು ಸೀಟಿನಲ್ಲಿದ್ದ ಚಕ್ರಪಾಣಿ ಮುಂದಕ್ಕೆ ಬಾಗಿ, ಊರುಗೋಲಿನ ಮೇಲೆ ಗದ್ದವಿಟ್ಟು, "ಸಿಟ್ಟು... ಬಂತು" ಎಂದರು. ಸ್ವಲ್ಪ ತಡೆದು, ಹೆಂಡತಿಯ ಕಡೆ ನೋಡಿ, "ಸರಿ... ಮಾಡಿದ್ಲು" ಎಂದರು.

ವಾರಿಜಾ ಕಿಟಕಿಯ ಕಡೆ ತಿರುಗಿದರು. ಬನಶಂಕರಿ ನಿಲ್ದಾಣದಲ್ಲಿ ಜನ ನುಗ್ಗಿ ಹತ್ತಿದರು. ಒಬ್ಬಾಕೆ ಕೈಗೂಸನ್ನು ಎತ್ತಿಕೊಂಡು ಬಂದು ನಿಂತಳು. ನಾನು ಎದ್ದು ಸೀಟು ಕೊಟ್ಟೆ.